ಕಲ್ಲೆಣ್ಣೆ ಕಲಿಯಲು ಹೊರಟೆ

ನನ್ನ ಓದಿನ ಹೆಸರನ್ನು ಬಾಯಿಬಿಟ್ಟು ಹೇಳಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಹೇಳದೆ ಸುಮ್ಮನಿದ್ದರೆ ಇನ್ನೂ ಹೆಚ್ಚು ಆಗುತ್ತದೆ, ಯಾಕೆಂದರೆ ಆಗ ನನ್ನ ಬದಲು ಅಪ್ಪ ಹೇಳುತ್ತಾರೆ.

ಹೆಸರು ಪೆಟ್ರೋಲಿಯಂ ಇಂಜಿನಿಯರಿಂಗ್. ನೆಲದಡಿಯ ಬಂಡೆಗಳ ನಡುವೆ ಅಡಗಿ ಕೂತ ಕಲ್ಲೆಣ್ಣೆಯನ್ನು ಹುಡುಕಿ, ಕೊರೆದು, ಮೇಲೆ ತರುವ ವಿದ್ಯೆ. ಮದ್ರಾಸಿನಲ್ಲಿ ಭೂಗರ್ಭಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಅಮೆರಿಕದ ಒಂದು ಕಾಲೇಜು ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಕರೆದಿತ್ತು, ಖರ್ಚೂ ಅವರದೇ. ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಕುಂದಾಪುರದಲ್ಲಿ ವಕೀಲರಾಗಿದ್ದ ನನ್ನ ಅಪ್ಪನಿಗೆ ಹೆಮ್ಮೆ ಇತ್ತು, ಧೈರ್ಯ ಇರಲಿಲ್ಲ. "ಬೈಂದೂರಲ್ ಅಜ್ಜಿ ಹೂಂ ಅಂದ್ರೆ ಹೋಗ್. ಇಲ್ದಿದ್ರೆ ಈ ವರ್ಷವೇ ಮದುವೆ," ಎಂದುಬಿಟ್ಟರು. ಆಷಾಢ ಮುಗಿಯುವುದರೊಳಗೆ ನಾನು ಕಾಲೇಜಿಗೆ ಉತ್ತರ ಬರೆಯಬೇಕಿತ್ತು.

ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದವಳು. ನಾನು ಬೆಳೆದದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡ ಆಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹೀಗಾಗಿ ಊರಿನ ಮಾತು ಕಿವಿಗೆ ಬಂದಷ್ಟು ಬೇಗ ನನ್ನ ಬಾಯಿಗೆ ಬರುವುದಿಲ್ಲ. ಮನಸ್ಸಿನಲ್ಲೇ ವಾಕ್ಯ ಜೋಡಿಸಿ, ಕ್ರಿಯಾಪದ ಹುಡುಕಿ, ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮೂರವರು ವಿಷಯ ಮುಗಿಸಿ ಮನೆ ಸೇರಿರುತ್ತಾರೆ. ಮಳೆ ಬಿಟ್ಟ ಸಂಜೆ ಕೋಡಿಯ ಕಡಲತೀರಕ್ಕೆ ಹೋಗಿ, ಆ ದಿನ ಹೇಳಲಾಗದೆ ಉಳಿದ ಉತ್ತರಗಳನ್ನೆಲ್ಲ ಒಬ್ಬಳೇ ಕೂತು ಅಲೆಗಳಿಗೆ ಹೇಳಿ ಬರುತ್ತಿದ್ದೆ. ಅವೂ ನಡುನಡುವೆ ಬಾಯಿ ಹಾಕುತ್ತಿದ್ದವು.

ಶೀಶೆ

ಆಗ ಸೀಮೆಎಣ್ಣೆ ರೇಷನ್ನಿನಲ್ಲಿ ಸಿಗುತ್ತಿತ್ತು, ಅಂದರೆ ಹೆಚ್ಚಾಗಿ ಸಿಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನೆರೆಮನೆಯ ಪುರೋಹಿತರ ಹೆಂಡತಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದರು.

"ಹ್ವಾಯ್, ಹೆಣ್ಣೇ! ನೀನ್ ಸೀಮೆಎಣ್ಣೆ ಕಲೂಕ್ ಹೋತ್ಯಂಬ್ರ್, ಹೌದಾ?"

"ಸೀಮೆಎಣ್ಣೆ ಅಲ್ಲ, ಅದು ಯಾವುದರಿಂದ ಬರುತ್ತದೋ…" ಎಂದು ಶುರುಮಾಡಿದೆ.

"ಅದೇ ಅದೇ," ಎಂದು ಸೆರಗಿನೊಳಗಿಂದ ಒಂದು ಖಾಲಿ ಶೀಶೆ ತೆಗೆದರು. "ಬಪ್ಪತಿಗೆ ಇದ್ರಾಗ್ ತುಂಬ್ಸ್ಕಂಡ್ ಬಾ."

"ಬರುವುದು ಎರಡು ವರ್ಷ ಆದ ಮೇಲೆ."

ಅವರು ಶೀಶೆಯನ್ನು ನನ್ನ ಕೈಗೆ ತುರುಕಿದರು. "ಅಡ್ಡಿಲ್ಲೆ. ರೇಷನ್ ಅಂಗಡಿಯವ್ನೂ ಸುಮಾರ್ ಹಾಂಗೇ ಹೇಳಿದ್ದ."

ಅವರು ಹೋದ ಮೇಲೆ ಆ ಶೀಶೆಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ನಾನು ಹೋಗಿಯೇ ಹೋಗುತ್ತೇನೆ, ವಾಪಸು ಬಂದೇ ಬರುತ್ತೇನೆ ಎಂದು ಇಡೀ ಕುಂದಾಪುರದಲ್ಲಿ ನಂಬಿದ್ದವರು ಅವರೊಬ್ಬರೇ. ಮಧ್ಯಾಹ್ನ ಮತ್ತೆ ಬಂದು ಶೀಶೆ ಎತ್ತಿಕೊಂಡು ಹೋದರು. ಯಾರೋ ತಿಳಿಸಿ ಹೇಳಿರಬೇಕು ಅಂದುಕೊಂಡೆ.

ಸಂಜೆ ಅವರು ಒಂದು ದೊಡ್ಡ ಡಬ್ಬವನ್ನು ಸೊಂಟದ ಮೇಲಿಟ್ಟುಕೊಂಡು ಬಂದರು. "ಎರಡ್ ವರ್ಷ ಅಂದ್ಯಲೆ ಮಾರಾಯ್ತಿ. ಅಷ್ಟ್ ದಿನ ಕಾದ್ ಮೇಲೆ ಒಂದ್ ಶೀಶೆ ಎಂತಕ್ಕೆ ಸಾಕಾತ್?"

ಗ್ಯಾಸ್ ಬಸ್ಸು

ಅಜ್ಜಿಯ ಹತ್ತಿರ ಹೋಗುವ ಮೊದಲು ಬ್ರಹ್ಮಾವರದಲ್ಲಿದ್ದ ಸೋದರತ್ತೆಗೆ ಹೇಳಿ ಬರಬೇಕೆಂದು ಅಪ್ಪನ ಅಪ್ಪಣೆ. ದೂರ ಹೋಗುವವರು ಮನೆಮನೆಗೆ ಹೋಗಿ ಹೇಳಬೇಕು. ಹೇಳದೆ ಹೋದರೆ ಹೋದದ್ದು ತಪ್ಪಲ್ಲ, ಹೇಳದಿದ್ದದ್ದು ತಪ್ಪು.

ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಹಿಂಭಾಗದಲ್ಲಿ ಬಚ್ಚಲ ಹಂಡೆಯಂಥ ಒಂದು ದೊಡ್ಡ ಒಲೆ. ಅದಕ್ಕೆ ಇದ್ದಿಲು ಸುರಿದು, ಗಾಳಿ ಹಾಕಿ, ಹೊಗೆ ಸರಿಯಾಗಿ ಬಂದರೆ ಬಸ್ಸು ಹೊರಡುತ್ತಿತ್ತು. ಅಪ್ಪ ನನ್ನನ್ನು ಹತ್ತಿಸುವಾಗ ಕಂಡಕ್ಟರಿಗೆ ಹೇಳಿಯೇ ಹೇಳಿದರು: "ನನ್ ಮಗಳು. ಪೆಟ್ರೋಲ್ ಕಲೂಕೆ ಅಮೇರಿಕಕ್ಕೆ ಹೋತ್ಲ್. ಜಾಗ್ರತೆ!" ಕಂಡಕ್ಟರ್ ನನ್ನನ್ನು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಿಸಿದ. ಆ ಮರ್ಯಾದೆಗೆ ನಾನು ತಲೆ ಎತ್ತಲಿಲ್ಲ.

ಸಾಸ್ತಾನದ ಹತ್ತಿರ, ಸುರಿಯುವ ಮಳೆಯಲ್ಲಿ, ಬಸ್ಸು ನಿಂತಿತು. ಒಲೆ ಕೆದಕಿದರು, ಒದ್ದರು, ಡ್ರೈವರ್ ಅದರ ವಂಶವನ್ನೆಲ್ಲ ನೆನೆದ. ಆಮೇಲೆ ಕಂಡಕ್ಟರಿಗೆ ನನ್ನ ನೆನಪಾಯಿತು. "ಅಮ್ಮಾ, ನೀವೊಂಚೂರ್ ಇಳ್ದ್ ಕಾಣಿ."

ಇಳಿದೆ. ಬಸ್ಸಿನವರೆಲ್ಲ ಒಲೆಯ ಸುತ್ತ ದಾರಿ ಬಿಟ್ಟು ನಿಂತರು, ಮನೆಗೆ ವೈದ್ಯರು ಬಂದಾಗ ನಿಲ್ಲುವ ಹಾಗೆ. ನಾನು ಓದಿದ್ದು ಸಾವಿರಾರು ಅಡಿ ಆಳದ ಬಂಡೆಯ ವಿಷಯ. ನನ್ನ ಮುಂದಿದ್ದದ್ದು ಒದ್ದೆ ಇದ್ದಿಲು. ಬಗ್ಗಿ ನೋಡಿದೆ, ಸುತ್ತು ಬಂದೆ, ಮತ್ತೆ ಬಗ್ಗಿದೆ. ಏನಾದರೂ ಹೇಳಲೇಬೇಕು. ಎಲ್ಲರೂ ಕಾಯುತ್ತಿದ್ದಾರೆ. ಮೊದಲ ಬಾರಿಗೆ ಯಾರೂ ನನ್ನ ಮಾತಿನ ನಡುವೆ ಬಾಯಿ ಹಾಕದೆ ನಿಂತಿದ್ದಾರೆ. ವಾಕ್ಯ ಜೋಡಿಸಿದೆ.

"ಪೆಟ್ರೋಲ್ ಹಾಕಿದರೆ ಹೊರಡುತ್ತದೆ," ಎಂದೆ.

ಮೀನಿನ ಬುಟ್ಟಿ ಹೊತ್ತಿದ್ದ ಕೋಡಿಯ ಹೆಂಗಸೊಬ್ಬಳು ಮೆಲ್ಲಗೆ ಕೇಳಿದಳು: "ಅಷ್ಟ್ ಹೇಳೂಕ್ ಅಮೇರಿಕಕ್ಕೆ ಹೋಯ್ಕಾ ಮಗಾ?"

ಕೊನೆಗೆ ಎಲ್ಲರೂ ಸೇರಿ ದೂಡಿದರು. ನಾಚಿಕೆಗೆ ನಾನೂ ಕೈಜೋಡಿಸಿದೆ. ಎಷ್ಟೋ ದಿನಗಳ ಮೇಲೆ ನಾಲ್ಕು ಜನರ ಜೊತೆ ಭುಜಕ್ಕೆ ಭುಜ ತಾಗಿಸಿ ನಿಂತದ್ದು ಅದೇ. ಬಸ್ಸು ಇನ್ನಷ್ಟು ಹೊತ್ತು ಕೆಟ್ಟಿರಲಿ ಎಂದು ಕೂಡ ಅನಿಸಿತು. ಆದರೆ ಹೊರಟೇಬಿಟ್ಟಿತು. ನಿಲ್ಲಿಸಿದರೆ ಮತ್ತೆ ಕೆಡುತ್ತದೆಂದು ಡ್ರೈವರ್ ನಿಲ್ಲಿಸಲಿಲ್ಲ. ಎಲ್ಲರೂ ಓಡಿ ಹತ್ತಿದರು. ಸೀರೆ ಎತ್ತಿ ಓಡಲು ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ. ಆ ಮೀನಿನ ಹೆಂಗಸು ಬಾಗಿಲಿನಿಂದ ಬಗ್ಗಿ ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಉಸಿರು ಬಿಟ್ಟು ಸುತ್ತಲಿದ್ದವರಿಗೆಲ್ಲ ಹೇಳಿದಳು: "ಮೊದ್ಲ್ ಬಸ್ ಹತ್ತೂಕೆ ಕಲ್ಸಿ. ಹಡಗ್ ಆಮೇಲೆ ಕಾಂಬ."

ಪತ್ರೊಡೆ

ಅತ್ತೆಯ ಮನೆ ತಲುಪಿದಾಗ ಜಗಲಿಯ ಮೇಲೆ ಗುರುತಿಲ್ಲದ ಜನ ಕೂತಿದ್ದರು: ಒಬ್ಬರು ಯಜಮಾನರು, ಅವರ ಹೆಂಡತಿ, ಮತ್ತು ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ ಒಬ್ಬ ಮಾಣಿ, ಅವರ ಮಗನಿರಬೇಕು.

ಒಳಗೆ ಅತ್ತೆಯನ್ನು ಕೇಳಿದೆ, ಇವರು ಯಾರು ಎಂದು.

"ನಮ್ ದನ ಕಾಂಬೂಕ್ ಬಂದದ್," ಎಂದರು ಅತ್ತೆ. "ನೀನೊಂಚೂರ್ ಒಳ್ಳೆ ಸೀರೆ ಉಡ್."

ದನ ನೋಡಲು ಬಂದವರಿಗಾಗಿ ನಾನೇಕೆ ಸೀರೆ ಬದಲಿಸಬೇಕು ಎಂಬ ವಾಕ್ಯ ಜೋಡಿಸುವಷ್ಟರಲ್ಲಿ ನನ್ನ ಕೈಗೆ ಪತ್ರೊಡೆಯ ತಟ್ಟೆ ಬಂದಿತ್ತು, ಬೆನ್ನ ಹಿಂದೆ ಅತ್ತೆಯ ಕೈ ದೂಡುತ್ತಿತ್ತು.

"ಹಾಡೂಕೆ ಬತ್ತಾ?" ಯಜಮಾನರು ಕೇಳಿದರು.

"ಇಲ್ಲ."

"ರಂಗೋಲಿ?"

"ಇಲ್ಲ."

"ಮತ್ತೆಂತ ಬತ್ತ್?"

ನಾನು ತಲೆ ತಗ್ಗಿಸಿದೆ. ಕಣ್ಣೆದುರು ಪತ್ರೊಡೆ. ಕೆಸುವಿನ ಎಲೆ, ಅದರ ಮೇಲೆ ಹಿಟ್ಟು, ಮತ್ತೆ ಎಲೆ, ಮತ್ತೆ ಹಿಟ್ಟು, ಸುತ್ತಿ ಬೇಯಿಸಿ ಕೊಯ್ದದ್ದು. ನನ್ನ ಪುಸ್ತಕದ ಚಿತ್ರವೇ ತಟ್ಟೆಯಲ್ಲಿ ಕೂತ ಹಾಗಿತ್ತು. ಎಲ್ಲಿಂದ ಧೈರ್ಯ ಬಂತೋ, ಹೇಳಿಬಿಟ್ಟೆ. ಭೂಮಿಯ ಒಳಗೂ ಹೀಗೇ. ಈ ಹಿಟ್ಟು ಮರಳುಬಂಡೆ, ಎಣ್ಣೆ ಹೀರಿಕೊಂಡಿರುತ್ತದೆ. ಈ ಎಲೆ ಗಟ್ಟಿ ಪದರ, ಎಣ್ಣೆಯನ್ನು ಮೇಲೆ ಬಿಡುವುದಿಲ್ಲ. ಪದರ ಎಲ್ಲಿ ಬಾಗಿ ಗುಡ್ಡೆಯಾಗಿದೆಯೋ ಅದರಡಿಯಲ್ಲಿ ಎಣ್ಣೆ ಸೇರಿರುತ್ತದೆ. ಅಲ್ಲಿ ಕೊರೆಯಬೇಕು.

ಯಜಮಾನರು ತಮಗೆ ಬಡಿಸಿದ್ದ ಬಾಳೆಲೆಯ ದೊನ್ನೆಗೆ ಚುಚ್ಚಿದ್ದ ಕಡ್ಡಿ ಕಿತ್ತು, ತಮ್ಮ ಪತ್ರೊಡೆಯ ಗುಡ್ಡೆಯ ಮೇಲೆ ಮೆಲ್ಲನೆ ಇಳಿಸಿದರು. ಅತ್ತೆ ಧಾರಾಳವಾಗಿ ಸುರಿದಿದ್ದ ಕೊಬ್ಬರಿ ಎಣ್ಣೆ ರಂಧ್ರದಿಂದ ಒಂದು ಹನಿ ಮೇಲೆ ಬಂತು.

"ಬಂತ್!" ಎಂದು ಕೂಗಿದರು. ಅವರ ಹೆಂಡತಿಯೂ ಒಂದು ಕಡ್ಡಿ ಕಿತ್ತರು. ಮಾಣಿ ಹೆಬ್ಬೆರಳು ಬಿಟ್ಟು ತಲೆ ಎತ್ತಿ ಕೇಳಿದ, "ಕಡ್ಡಿ ನಡು ಮುರ್ದ್ರೆ ಎಂತ ಮಾಡುದ್?" ಅದು ಬಹಳ ಒಳ್ಳೆಯ ಪ್ರಶ್ನೆ. ಮದ್ರಾಸಿನಲ್ಲೂ ನನ್ನನ್ನು ಯಾರೂ ಅಂಥದ್ದು ಕೇಳಿರಲಿಲ್ಲ.

"ತಿಂಬೂಕೆ ಕೊಟ್ಟದ್ ಮಾರಾಯ್ರೆ, ತೋಡೂಕಲ್ಲ!" ಎಂದು ಅತ್ತೆ ಬಾಗಿಲ ಹಿಂದಿನಿಂದ ಗೋಳಾಡಿದರು.

ಅವರ ಉತ್ತರ ಬರುವ ತನಕ ನಾನು ಸರಿಯಾಗಿ ಉಣ್ಣಲಿಲ್ಲ. ಒಪ್ಪಿದರೆ ನನ್ನ ಓದು ಮುಗಿದ ಹಾಗೆ. ಮೂರನೆಯ ದಿನ ಮದುವೆ ಹೊಂದಿಸುವವರು ಬಂದು ಅತ್ತೆಗೆ ಹೇಳಿದರು: "ಹೆಣ್ಣ್ ಅಡ್ಡಿಲ್ಲ ಅಂಬ್ರ್. ತಂದೆ ತಾಯಿ ಇಬ್ರಿಗೂ ಒಪ್ಪ್ಗಿ. ಆರೆ ಮಾಣಿ ಈಗ ಮದುವೆ ಬೇಡ, ನಾನೂ ಎಣ್ಣೆ ಕಲೂಕೆ ಅಮೇರಿಕಕ್ಕೆ ಹೋಯ್ಕ್ ಅಂತ ಊಟ ಬಿಟ್ಟ್ ಕೂತಿದ್ದ."

ಅತ್ತೆ ನನ್ನ ಕಡೆ ತಿರುಗಿದರು. "ಪತ್ರೊಡೆ ಹಾಳ್ ಮಾಡ್ದೆ, ಇರ್ಲಿ. ಗಂಡನ್ನೂ ಹಾಳ್ ಮಾಡ್ದ್ಯಲೆ!"

ಹೂ ಕೇಳಿದ್ದು

ಉಳಿದದ್ದು ಬೈಂದೂರು. ಅಪ್ಪನೂ ನಾನೂ ಹೆಮ್ಮಾಡಿ ದಾಟಿ ಅಲ್ಲಿಗೆ ಹೋದೆವು. ಅಜ್ಜಿ ಇದ್ದದ್ದು ಅಪ್ಪನ ಅಣ್ಣ, ನನ್ನ ದೊಡ್ಡಪ್ಪನ ಮನೆಯಲ್ಲಿ. ದೊಡ್ಡಪ್ಪನಿಗೆ ಹುಡುಗಿ ಸಮುದ್ರ ದಾಟುವುದು ಸುತರಾಂ ಒಪ್ಪಿಗೆ ಇಲ್ಲ. "ಒಬ್ಳೇ ಹೆಣ್ಣ್, ಆ ಊರಲ್ ಗಂಡಸ್ರ ಮಧ್ಯ ಬಾವಿ ತೋಡುದಾ?" ಇಬ್ಬರೂ ನನ್ನ ವಿಷಯವನ್ನು ನನ್ನ ತಲೆಯ ಮೇಲಿನಿಂದಲೇ ಮಾತಾಡಿದರು. ಅಜ್ಜಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ದೇವ್ರ ಹತ್ರ ಹೂ ಕೇಂಬ."

ನಮ್ಮ ಮನೆದೇವರ ಗುಡಿ ಚಿಕ್ಕದು. ಭಟ್ಟರು ವಿಗ್ರಹಕ್ಕೆ ನೀರು ಹಾಕಿ, ಒದ್ದೆ ಕಲ್ಲಿನ ಎರಡು ಭುಜಗಳ ಮೇಲೂ ಒಂದೊಂದು ಕೆಂಪು ಕೇಪಳದ ಹೂ ಅಂಟಿಸಿದರು. ದೇವರ ಬಲಗಡೆಯ ಹೂ ಮೊದಲು ಬಿದ್ದರೆ ನಾನು ಹೋಗಬಹುದು, ಎಡಗಡೆಯದು ಬಿದ್ದರೆ ಇಲ್ಲ. ನಡುವೆ ಯಾರಾದರೂ ಸೀನಿದರೆ ಕೇಳಿದ್ದು ಕೆಟ್ಟಿತು. ಇನ್ನೊಂದು ಒಳ್ಳೆಯ ದಿನ ನೋಡಿ ಮೊದಲಿನಿಂದ ಕೇಳಬೇಕು. ಇನ್ನೊಂದು ಒಳ್ಳೆಯ ದಿನವೆಂದರೆ ದೊಡ್ಡಪ್ಪನ ಪಂಚಾಂಗದಲ್ಲಿ ದೀಪಾವಳಿಯ ಆಚೆ. ಅಷ್ಟರಲ್ಲಿ ಕಾಲೇಜು ನನ್ನ ಜಾಗವನ್ನು ಬೇರೆ ಯಾರಿಗೋ ಕೊಟ್ಟಿರುತ್ತಿತ್ತು.

ಎಲ್ಲರೂ ಕೈಮುಗಿದು ನಿಂತರು. ಭಟ್ಟರು ಕಣ್ಣು ಮುಚ್ಚಿದರು. ನಾನು ಹಿಂದೆ ಕಂಬಕ್ಕೆ ಒರಗಿದ್ದೆ. ಅಷ್ಟು ಜನರ ನಡುವೆ ಅಷ್ಟು ಒಬ್ಬಂಟಿಯಾಗಿ ನಾನು ಎಂದೂ ನಿಂತಿರಲಿಲ್ಲ. ನೀರು ಆರಿದಂತೆ ಹೂ ಜಾರುತ್ತದೆಂದು ನನಗೆ ಗೊತ್ತು. ಯಾವುದು ಮೊದಲು ಜಾರುತ್ತದೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಬಹಳ ಹೊತ್ತಾದ ಮೇಲೆ ಬಲಗಡೆಯ ಹೂ ಅಲುಗಿತು. ಒಂದು ಕಾಳಿನಷ್ಟು ಕೆಳಗಿಳಿದು ನಿಂತಿತು. ನಾನು ನೋಡಿದೆ. ದೊಡ್ಡಪ್ಪನೂ ನೋಡಿದರು. ಅವರ ಕೈ ಮೆಲ್ಲನೆ ಸೊಂಟಕ್ಕೆ ಹೋಯಿತು, ನಸ್ಯದ ಡಬ್ಬಿ ಹೊರಬಂತು, ಚಿಟಿಕೆ ಮೂಗಿಗೇರಿತು. ಕೂಗಬೇಕೆಂದುಕೊಂಡೆ, ನನ್ನ ವಾಕ್ಯ ಎಂದಿನಂತೆ ಇನ್ನೂ ಜೋಡಣೆಯಲ್ಲೇ ಇತ್ತು.

ಅದೆಂಥ ಸೀನು! ದೀಪ ಆರಿತು, ಭಟ್ಟರು ಎರಡು ಹೆಜ್ಜೆ ಹಿಂದೆ ಹಾರಿದರು, ಗಂಟೆ ತಾನಾಗಿ ಒಮ್ಮೆ ಗಣ್ ಎಂದಿತು. ಆ ರಭಸಕ್ಕೆ ಬಲಗಡೆಯ ಹೂ ಪಟ್ಟನೆ ಉದುರಿ ಪೀಠದ ಮೇಲೆ ಬಿತ್ತು.

"ಸೀನಾಯ್ತ್! ಕೇಂಡದ್ ಕೆಟ್ಟ್ ಹೋಯ್ತ್!" ಎಂದರು ದೊಡ್ಡಪ್ಪ, ಕಣ್ಣೊರೆಸಿಕೊಳ್ಳುತ್ತ. "ಇನ್ನೊಂದ್ ದಿನ ಕೇಂಬ."

ಭಟ್ಟರು ಅಜ್ಜಿಯ ಮುಖ ನೋಡಿದರು. ಅಪ್ಪನೂ ನೋಡಿದರು. ಅಜ್ಜಿ ಬಗ್ಗಿ ಆ ಹೂ ಎತ್ತಿ ಕಣ್ಣಿಗೊತ್ತಿಕೊಂಡರು.

"ಎಂತ ಕೆಟ್ಟದ್? ಹೂ ಬಿದ್ದ್ ಆಯ್ತಲೆ. ಮುಗ್ದ್ ಮೇಲೆ ಸೀನಿದ್ರೆ ಅದ್ ಶಕುನ ಅಲ್ಲ, ಶೀತ. ಮನಿಗ್ ಹೋಯಿ ಕಷಾಯ ಕುಡಿ."

"ಅಮ್ಮಾ, ಹೂ ಬಿದ್ದದ್ದೇ ನನ್ ಸೀನಿಗೆ!"

"ಹಾಂಗಾರೆ ನಿನ್ ಮೂಗಲ್ ದೇವ್ರೇ ಬಂದಂಗಾಯ್ತ್. ಒಳ್ಳೇದೇ ಆಯ್ತ್," ಎಂದು ಅಜ್ಜಿ ಹೂವನ್ನು ನನ್ನ ಜಡೆಗೆ ಸಿಕ್ಕಿಸಿದರು. "ಹೋಯಿ ಬಾ ಮಗಾ."

ದೊಡ್ಡಪ್ಪ, ಅಪ್ಪ, ಭಟ್ಟರು ವಾದಿಸುತ್ತ ಮುಂದೆ ಹೋದರು. ನಾನೂ ಅಜ್ಜಿಯೂ ಹಿಂದೆ. ಗದ್ದೆಯ ಅಂಚಿನಲ್ಲಿ ಅಜ್ಜಿ ನನ್ನ ಭುಜ ಹಿಡಿದು ನಡೆಯುತ್ತಿದ್ದರು. ನಾನು ಬಹಳ ದೂರದ ತನಕ ಒಂದು ವಾಕ್ಯ ಜೋಡಿಸಿದೆ. ಅಜ್ಜಿ ಅಷ್ಟು ಹೊತ್ತೂ ಸುಮ್ಮನೆ ಕಾದರು.

"ಅಜ್ಜಿ, ಎಡಗಡೆಯ ಹೂ ಜಾರಿದ್ದರೆ?"

ಅಜ್ಜಿ ಮುಂದೆ ಹೋಗುತ್ತಿದ್ದವರ ಕಡೆ ಒಮ್ಮೆ ನೋಡಿ, ತಮ್ಮ ಎಡಗೈ ಮುಷ್ಟಿಯನ್ನು ನನ್ನೆದುರು ಬಿಚ್ಚಿದರು. ಒಳಗೆ ಬೆವರಿಗೆ ಒದ್ದೆಯಾದ ಒಂದು ಚಿಟಿಕೆ ನಸ್ಯ.

"ನಿನ್ ದೊಡ್ಡಪ್ಪ ಈ ವಿದ್ಯೆ ಯಾರ್ ಹತ್ರ ಕಲ್ತದ್ ಅಂದ್ಕಂಡೆ?"