ಸಪ್ಪಳವಿಲ್ಲದ ಜಾಗ

ಶಾಲೆಯಲ್ಲಿ ಕಲಿಸುವ ಹರ್ಷದಾ ಅಕ್ಕೋರು ಹೇಳಿದ್ದು ಎರಡೇ ಮಾತು. ಟ್ಯಾಬಿಗೆ ಬೀಗ ಹಾಕುವಾಗ ಸಪ್ಪಳವಿಲ್ಲದ ಜಾಗದಲ್ಲಿ ಕೂಡಬೇಕು. ಮಗುವಾಗಲಿ ಪಾಲಕರಾಗಲಿ, ಯಾರಾದರೊಬ್ಬರು ಒಂದು ವಾಕ್ಯವನ್ನು ಮೂರು ಸಲ ಹೇಳಬೇಕು. ಮುಂದೆ ಆ ದನಿಗೆ ಮಾತ್ರ ಟ್ಯಾಬು ತೆರೆದುಕೊಳ್ಳುತ್ತದೆ. ಬನಹಟ್ಟಿಯ ಪರಮಾನಂದ ಎರಡನ್ನೂ ತನಗೆ ತೋಚಿದಂತೆ ಮಾಡಿದ. ಅದನ್ನು ನೆನೆದು ಇವತ್ತಿಗೂ ಕೈ ಕೈ ಹಿಸುಕಿಕೊಳ್ಳುತ್ತಾನೆ.

ಅಂದು ಬೆಳಿಗ್ಗೆ ಎಂಟನೆಯ ಇಯತ್ತೆಯ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಶಾಲೆಗೆ ಕರೆಸಿ ಟ್ಯಾಬು ಹಂಚಿದ್ದರು. ಸಂಜೆ ನಾಲ್ಕಕ್ಕೇ ಮೊದಲ ಪರೀಕ್ಷೆ. ಮಕ್ಕಳು ಮನೆಯಲ್ಲೇ ಕೂತು, ಟ್ಯಾಬು ತೋರಿಸಿದ ಪಾಠವನ್ನು ಎರಡು ನಿಮಿಷ ಗಟ್ಟಿಯಾಗಿ ಓದಬೇಕು. ಟ್ಯಾಬೇ ಕೇಳಿಸಿಕೊಂಡು ಅಂಕ ಕೊಡುತ್ತದೆ. ಮೊದಲು ಬಂದವರು ಬಾಗಲಕೋಟೆಯ ಓದುವ ಸ್ಪರ್ಧೆಗೆ ಹೋಗುತ್ತಾರೆ.

ಪರಮಾನಂದನ ಮಗಳು ಕಾವೇರಿ ಓದಲು ಕೂತರೆ ಓಣಿಯವರು ಕೆಲಸ ಬಿಟ್ಟು ಕೇಳುತ್ತಿದ್ದರು. ದಿನಪತ್ರಿಕೆಯ ನಿಧನ ವಾರ್ತೆಯನ್ನು ಅವಳು ಓದಿದರೂ ಕೇಳಲು ಹಿತವಾಗಿರುತ್ತಿತ್ತು. ಬಾಗಲಕೋಟೆಗೆ ಹಾಕಿಕೊಂಡು ಹೋಗಲೆಂದು ಹಸಿರು ಲಂಗವನ್ನು ಅವಳು ಆಗಲೇ ಇಸ್ತ್ರಿ ಮಾಡಿಟ್ಟಿದ್ದಳು.

"ಕಾವೇರಿ ದನೀನ ಇಡ್ರಿ, ಆಕೀಗೂ ಸಲೀಸು ಆಕ್ಕೈತಿ" ಎಂದಿದ್ದರು ಅಕ್ಕೋರು. ಪರಮಾನಂದನೂ ಹೂಂ ಎಂದಿದ್ದ. ಆದರೆ ಮನೆಯ ದಾರಿಯಲ್ಲಿ ಶಿದ್ರಾಮಪ್ಪ ಸಿಕ್ಕರು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಓಣಿಗೆಲ್ಲ ಬುದ್ಧಿ ಹೇಳುವುದನ್ನೇ ನೌಕರಿ ಮಾಡಿಕೊಂಡವರು.

"ಕೀಲಿ ಹುಡುಗಿ ಕೈಯಾಗ ಕೊಟ್ಟು ಕುಂದರ್ತಿ ಏನೋ?" ಎಂದು ಅವರು ಕಣ್ಣು ಅಗಲಿಸಿದರು. "ನಾಳಿಂದ ಊಟಾ ಬಿಟ್ಟು ರೀಲ್ಸ್ ನೋಡ್ಕೋತ ಕುಂದರ್ತಾಳ. ನಿನ್ನ ದನಿ ಹಾಕು. ನೀ ಹೇಳ್ದಾಗಷ್ಟ ಅದು ತೆಗೀಬೇಕು."

ಮಗಳು ಅಂಥವಳಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಹಿರಿಯರ ಮಾತು ಕಿವಿಯಲ್ಲಿ ಕೂತುಬಿಟ್ಟಿತು.

ಮನೆಯ ನಡುಮನೆಯಲ್ಲೇ ಎರಡು ವಿದ್ಯುತ್ ಮಗ್ಗ. ಹೆಂಡತಿ ತಾರವ್ವ ಎರಡನ್ನೂ ನಡೆಸುತ್ತಿದ್ದಳು. ಪರಮಾನಂದ ಮಗ್ಗದ ಪಕ್ಕದ ಸ್ಟೂಲಿನ ಮೇಲೆ ಕೂತು ಟ್ಯಾಬು ತೊಡೆಯ ಮೇಲಿಟ್ಟುಕೊಂಡ.

"ಅಪ್ಪಾ, ಸಪ್ಪಳ ಇರಬಾರ್ದಂತ!" ಎಂದು ಕಾವೇರಿ ಕೂಗಿದಳು.

"ಇಲ್ಲಿ ಯಾರ್ ಸಪ್ಪಳ ಮಾಡಾಕತ್ತಾರ?" ಎಂದು ಅವನೂ ಕೂಗಿದ.

ಅವನು ತಮಾಷೆ ಮಾಡುತ್ತಿರಲಿಲ್ಲ. ಹುಟ್ಟಿದ್ದೂ ಬೆಳೆದದ್ದೂ ಮಗ್ಗದ ಪಕ್ಕದಲ್ಲೇ. ಮಗ್ಗ ಓಡುತ್ತಿದ್ದರೆ ಅವನ ಪಾಲಿಗೆ ಮನೆ ಶಾಂತ. ನಿಂತರೆ ಗಾಬರಿಯಾಗಿ ನಿದ್ದೆಯಿಂದ ಏಳುವ ಜೀವ. ಬನಹಟ್ಟಿಯಲ್ಲಿ ಅಂಥವರು ಓಣಿಗೆ ಹತ್ತು ಜನ ಸಿಗುತ್ತಾರೆ. "ನನ್ನ ಮಗಳು ಓದ್ಲಿ!" ಎಂದು ಮೂರು ಸಲ ಗಂಟಲು ಹರಿಯುವಂತೆ ಹೇಳಿದ. ಟ್ಯಾಬು ಒಪ್ಪಿಕೊಂಡಿತು. ಮತ್ತೊಮ್ಮೆ ಹೇಳಿ ನೋಡಿದ, ತೆರೆದುಕೊಂಡಿತು. ಮುಚ್ಚಿ ಗೂಡಿನಲ್ಲಿಟ್ಟ.

ಎರಡು ಗಂಟೆಗೆ ಕರೆಂಟು ಹೋಯಿತು. ಇಡೀ ಊರಿನ ಮಗ್ಗಗಳು ಒಮ್ಮೆಲೇ ನಿಂತವು. ಮೂರಾಯಿತು, ಕರೆಂಟು ಬರಲಿಲ್ಲ. ಪರೀಕ್ಷೆಗೆ ತಯಾರಾಗಲೆಂದು ಪರಮಾನಂದ ಟ್ಯಾಬು ತೆಗೆದುಕೊಂಡು, "ನನ್ನ ಮಗಳು ಓದ್ಲಿ" ಎಂದ.

'ದನಿ ಹೊಂದುತ್ತಿಲ್ಲ. ಮತ್ತೆ ಪ್ರಯತ್ನಿಸಿ' ಎಂದಿತು ಟ್ಯಾಬು.

ಮತ್ತೆ ಹೇಳಿದ. ಒದರಿದ. ಸಣ್ಣ ದನಿಯಲ್ಲಿ ಬೇಡಿಕೊಂಡ. ಟ್ಯಾಬು ಜಪ್ಪಯ್ಯ ಅನ್ನಲಿಲ್ಲ. ಅವನ ಕೂಗಿಗೆ ಓಣಿಯೇ ಬಾಗಿಲಲ್ಲಿ ನೆರೆಯಿತು.

"ಬಿಸಿನೀರಾಗ ಉಪ್ಪ ಹಾಕಿ ಮುಕ್ಕಳಿಸು, ಗಂಟಲಾ ಕೆಟ್ಟೈತಿ" ಎಂದರು ಶಿದ್ರಾಮಪ್ಪ. ಮುಕ್ಕಳಿಸಿದ. ದನಿ ಇನ್ನಷ್ಟು ಗೊಗ್ಗರಾಯಿತು.

"ಅಕ್ಕೋರಿಗೆ ಫೋನ್ ಹಚ್ರಿ" ಎಂದಳು ತಾರವ್ವ.

"ಹಚ್ಚಿ ಏನ್ ಹೇಳ್ಲಿ? ಮಗಳ ದನಿ ಇಡ್ರಿ ಅಂದಿದ್ರು, ನಾ ಶಾಣ್ಯಾತನ ಮಾಡೀನಿ ಅಂತ ಹೇಳ್ಲೇನು?" ಎಂದು ಅವನು ಮುಖ ತಿರುಗಿಸಿದ. ಆ ಒಂದು ಫೋನು ಹಚ್ಚಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಗುಟ್ಟು ಹೊಳೆದದ್ದು ಕಾವೇರಿಗೆ. "ಅಪ್ಪಾ, ನಿನ್ನ ದನಿ ಕೂಡ ಮಗ್ಗದ ಸಪ್ಪಳಾನೂ ಸೇರೈತಿ. ಅದು ಎರಡೂ ಕೇಳಾಕತ್ತೈತಿ."

"ಅಷ್ಟ ಹೌದಲ್ಲೋ!" ಎಂದು ಪಕ್ಕದ ಮನೆಯ ಹುಲೆಪ್ಪ ಮುಂದೆ ಬಂದ. "ನಾ ಮಗ್ಗ ಆಗ್ತೇನಿ, ನೀ ಹೇಳು." ಅವನು ಬಾಯಿಂದ ಖಟಕ್ ಖಟಕ್ ಎಂದ. ಹೆಂಗಸರು ತಾಟು ಬಡಿದರು. ಶಿದ್ರಾಮಪ್ಪ ಊರುಗೋಲಿನಿಂದ ಕದ ಕುಟ್ಟಿದರು. ನಡುವೆ ನಿಂತು ಪರಮಾನಂದ ಮಗಳು ಓದಲಿ ಎಂದು ಅರಚಿದ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಇದು ಯಾವುದೋ ದೇವರ ಮೆರವಣಿಗೆ ಎಂದು ಚಪ್ಪಲಿ ಬಿಟ್ಟು ಕೈ ಮುಗಿದ. ಟ್ಯಾಬು ಮಾತ್ರ ದನಿ ಹೊಂದುತ್ತಿಲ್ಲ ಎಂದಿತು.

ಕಾವೇರಿ ಗಡಿಯಾರ ನೋಡಿ ತುಟಿ ಕಚ್ಚಿದಳು. ಮೂರೂ ನಲವತ್ತು.

"ರಬಕವಿಯಾಗ ಬಸವಕುಮಾರನ ಮಗ್ಗದ ಶೆಡ್ಡಿಗೆ ಜನರೇಟರ್ ಐತಿ, ನಡಿ!" ಎಂದು ಪರಮಾನಂದ ಅವಳನ್ನು ಬೈಕಿನ ಮೇಲೆ ಹೇರಿಕೊಂಡು ಹೊರಟ. ಗುಂಡಿ, ಹಂಪು, ಎಮ್ಮೆ ಯಾವುದನ್ನೂ ಲೆಕ್ಕಿಸಲಿಲ್ಲ. ಶೆಡ್ಡಿನಲ್ಲಿ ಹದಿನಾರು ಮಗ್ಗ ಭೋರ್ಗರೆಯುತ್ತಿದ್ದವು. ಸರಿಯಾಗಿ ನಾಲ್ಕಾಗಿತ್ತು. ಅವನು ಬಾಗಿಲಲ್ಲೇ ನಿಂತು ಕೂಗಿದ. ಟ್ಯಾಬು ಥಟ್ಟನೆ ತೆರೆದುಕೊಂಡಿತು. ಮೇಲೆ ಏನೋ ಸೂಚನೆಯ ಸಾಲು ಇಣುಕಿತು. "ಅದನ್ನೆಲ್ಲಾ ಆಮ್ಯಾಲ ನೋಡೋಣು!" ಎಂದು ಅದನ್ನು ಸರಿಸಿ 'ಪರೀಕ್ಷೆ' ಎಂಬಲ್ಲಿ ತಾನೇ ಒತ್ತಿಬಿಟ್ಟ.

ಪಾಠ ಬಂತು. ಪಕ್ಕದಲ್ಲೇ ಎರಡು ನಿಮಿಷ ಕರಗತೊಡಗಿತು. ಕಾವೇರಿ ಹೊರಗೆ ಓಡಿದಳು. ಅಲ್ಲಿ ಜನರೇಟರು ಮಗ್ಗಗಳಿಗಿಂತ ಜೋರಾಗಿ ಗುಡುಗುತ್ತಿತ್ತು. ಒಳಗೆ ಬಂದು ಕಂಬಕ್ಕೆ ಒರಗಿ ಓದತೊಡಗಿದಳು. ಅವಳ ತುಟಿ ಅಲ್ಲಾಡುವುದು ಕಂಡಿತೇ ಹೊರತು ಒಂದಕ್ಷರವೂ ಕೇಳಲಿಲ್ಲ. ಮಗ್ಗ ನಿಲ್ಲಿಸಿ ಎಂದು ಪರಮಾನಂದ ಎರಡೂ ಕೈ ಎತ್ತಿ ಬೀಸಿದ. ನೇಕಾರರೂ ನಕ್ಕು ಕೈ ಬೀಸಿದರು. ಬಸವಕುಮಾರನಿಗೆ ವಿಷಯ ತಿಳಿದು ಅವನು ಸ್ವಿಚ್ಚಿಗೆ ಓಡಿ ಎಲ್ಲವನ್ನೂ ನಿಲ್ಲಿಸುವ ಹೊತ್ತಿಗೆ ಉಳಿದದ್ದು ಕೊನೆಯ ಸಾಲು. ನೀರವತೆಯಲ್ಲಿ ಕಾವೇರಿಯ ದನಿಯೊಂದೇ ಕಿರುಚಿತು: "ಹಕ್ಕಿ ಮೆಲ್ಲಗೆ ಗೂಡಿಗೆ ಮರಳಿತು!"

'ಕಳುಹಿಸಲಾಗಿದೆ' ಎಂದಿತು ಟ್ಯಾಬು.

"ಹೋತಲ್ಲ, ಸಾಕು!" ಎಂದು ಪರಮಾನಂದ ಬೆವರು ಒರೆಸಿಕೊಂಡ. ಏನೇ ಆಗಲಿ ಮಗಳು ಗೈರುಹಾಜರಾಗಲಿಲ್ಲ ಎಂಬ ಸಮಾಧಾನ. ದಾರಿಯಲ್ಲಿ ಅವಳಿಗೆ ಐಸ್‌ಕ್ರೀಂ ಕೊಡಿಸಿದ.

ಮನೆ ಮುಟ್ಟುವಾಗ ಅಕ್ಕೋರ ಫೋನು ಬಂತು.

"ಏನ್ರಿ ಪರಮಾನಂದ, ಕಾವೇರಿ ಪರೀಕ್ಷಾ ಬರದಾಳಲ್ರಿ!"

"ಬರದಾಳ್ರಿ ಅಕ್ಕೋರ, ಭಾಳ ತ್ರಾಸ್ ಆತು, ಖರೆ ಬಿಡಲಿಲ್ಲ ನೋಡ್ರಿ" ಎಂದು ಅವನು ಎದೆಯುಬ್ಬಿಸಿದ.

"ಕರೆಂಟ್ ಇಲ್ಲಂತ, ಟ್ಯಾಬ್ ಚಾರ್ಜ್ ಇಲ್ಲಂತ ಎಲ್ಲಾರೂ ಫೋನ್ ಹಚ್ಚಿದ್ರು. ಅದಕ್ಕ ಪರೀಕ್ಷಾ ನಾಳಿಗೆ ಹಾಕೀವಿ. ಇವತ್ತಿಂದು ಬಂದ್ ಮಾಡಾಕ ಬರೂದಿಲ್ಲಂತ, ಯಾರೂ ಒತ್ತಬ್ಯಾಡ್ರಿ ಅಂತ ಎರಡೂವರಿಗೇ ಟ್ಯಾಬಿನ್ಯಾಗ ಮೆಸೇಜ್ ಬಿಟ್ಟಿದ್ನಿ. ನೋಡ್ಲಿಲ್ಲೇನ್ರಿ?"

ಪರಮಾನಂದ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಹಂಗಾದ್ರ ಆಕೀನೂ ನಾಳಿಗೆ ಓದ್ತಾಳ್ರಿ."

"ಬರೂದಿಲ್ರಿ. ಒಬ್ಬರಿಗೆ ಒಂದ ಸಲ. ಇಡೀ ಸಾಲ್ಯಾಗ ಕಳಸಿದಾಕಿ ಆಕಿ ಒಬ್ಬಾಕಿ. ಅಂಕಾನೂ ಬಂದಾವು." ಅಕ್ಕೋರ ದನಿ ಇಳಿಯಿತು. "ಸೊನ್ನಿ. ಕಡೀ ಸಾಲು ಬಿಟ್ರ ಓದುವ ದನಿನ ಕೇಳಿಸಲಿಲ್ಲಂತ ಬರದೈತಿ. ಎಷ್ಟ ಛಲೋ ಓದ್ತಿತ್ರಿ ಆ ಹುಡುಗಿ."

ಫೋನು ಇಟ್ಟು ಅವನು ಕಟ್ಟೆಯ ಮೇಲೆ ಕುಸಿದು ಕೂತ. ಎಲ್ಲವನ್ನೂ ಮಗಳಿಗೆ ಹೇಳಿದ. ತನ್ನ ತಪ್ಪು ಎಂದೂ ಹೇಳಿದ. ಬಯ್ಯಲಿ, ಅಳಲಿ, ಟ್ಯಾಬು ಎತ್ತಿ ಒಗೆಯಲಿ ಎಂದು ಕಾದ.

ಕಾವೇರಿ ಐಸ್‌ಕ್ರೀಂ ಕಡ್ಡಿಯನ್ನು ಕಟ್ಟೆಯ ಮೇಲಿಟ್ಟಳು. "ಇರ್ಲಿ ಬಿಡಪ್ಪಾ. ನೀ ಭಾಳ ಓಡ್ಯಾಡಿದಿ, ನೀರು ಕುಡಿ" ಎಂದು ಒಳಗೆ ಹೋದಳು.

ಕರೆಂಟು ಇನ್ನೂ ಬಂದಿರಲಿಲ್ಲ, ಮಗ್ಗ ನಿಂತೇ ಇದ್ದವು. ಅವಳು ಕೊಡದಿಂದ ನೀರು ಬಗ್ಗಿಸುವುದೂ, ನಡುವೆ ಒಮ್ಮೆ ಅಳು ನುಂಗಿ ಮೂಗು ಸೊರ್ ಎಂದು ಎಳೆದುಕೊಂಡದ್ದೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.