ಸದಾ ಒಂದು ಗಂಟೆಯ ಕಾರು

ಹಳೇ ಕಾರು ಇಟ್ಟುಕೊಂಡವನಿಗೆ ಮಾನ ಕಳೆಯೋಕೆ ಬೇರೆ ಶತ್ರು ಬೇಕಾಗಿಲ್ಲ. ವಾರಕ್ಕೊಂದು ಸಲ ಕಾರೇ ಆ ಕೆಲಸ ಮಾಡಿಕೊಡುತ್ತೆ. ಕಡೂರು, ತರೀಕೆರೆ, ಅಜ್ಜಂಪುರದ ಟೈಲರ್ ಅಂಗಡಿಗಳಿಗೆ ದಾರ, ಗುಂಡಿ, ಜಿಪ್ಪು ಹಾಕಿ ಬರೋದು ನನ್ನ ಕಸುಬು. ನನ್ನ ಕಾರಿನ ಡ್ಯಾಶ್‌ಬೋರ್ಡ್ ಗಡಿಯಾರಕ್ಕೆ ಒಂದು ರೋಗ. ಕೀ ತೆಗೆದರೆ ಆರಿಹೋಗುತ್ತೆ, ಮತ್ತೆ ಸ್ಟಾರ್ಟ್ ಮಾಡಿದರೆ ಒಂದು ಗಂಟೆಯಿಂದ ಎಣಿಸೋಕೆ ಶುರು ಮಾಡುತ್ತೆ. ಬೆಳಿಗ್ಗೆಯಾಗಲಿ ಸಂಜೆಯಾಗಲಿ, ಅದಕ್ಕೆ ಒಂದು ಗಂಟೆಯೇ. ನಾನೂ ತಲೆ ಕೆಡಿಸಿಕೊಂಡಿರಲಿಲ್ಲ.

ಅಕ್ಕನ ಊಟ

ನಮ್ಮಕ್ಕನಿಗೆ ಮಾತ್ರ ಆ ಗಡಿಯಾರದ ಮೇಲೆ ಪೂರ್ತಿ ನಂಬಿಕೆ. ಒಂದು ಬೆಳಿಗ್ಗೆ ಅವಳನ್ನ ಸಿಂಗಟಗೆರೆಯಿಂದ ಕರ್ಕೊಂಡು ತರೀಕೆರೆಗೆ ಹೊರಟೆ. ಕಡೂರಲ್ಲಿ ನಿಲ್ಲಿಸಿ ಹೊರಟಾಗ, "ಒಂದಾಯ್ತು ಕಣೋ" ಅಂತ ಬುತ್ತಿ ಬಿಚ್ಚಿ ಚಪಾತಿ ತಿಂದಳು. ಬೀರೂರಲ್ಲಿ ಪೆಟ್ರೋಲ್ ಹಾಕಿಸಿ ಹೊರಟಾಗ ಮತ್ತೆ ಬಿಚ್ಚಿದಳು.

"ಈಗ ತಾನೇ ತಿಂದ್ಯಲ್ಲಕ್ಕ" ಅಂದೆ.

"ಹೊತ್ತಿಗೆ ಸರಿಯಾಗಿ ತಿನ್ನಿ ಅಂತ ಡಾಕ್ಟ್ರು ಹೇಳವ್ರೆ. ಹೊತ್ತೇ ಎರಡು ಸಲ ಬಂದ್ರೆ ನಾನೇನ್ಮಾಡ್ಲಿ?"

ಲೆಕ್ಕಕ್ಕಿಲ್ಲದ ಮಾತು

ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷ ಆಯ್ತು. ಈ ಅಕ್ಕನೇ ಹಠ ಹಿಡಿದು ಅಜ್ಜಂಪುರದ ಒಬ್ಬ ಟೀಚರ್ ಸಂಬಂಧ ತಂದಳು. ಅವರ ಗಂಡನೂ ತೀರಿಕೊಂಡಿದ್ದರು. ಐವತ್ತರ ಹತ್ತಿರ ಬಂದವನಿಗೆ ಮದುವೆ ಆಸೆ ಅಂದರೆ ಹೇಳಿಕೊಳ್ಳೋಕೂ ನಾಚಿಕೆ. ಆದರೂ ಆಸೆ ಆಯ್ತು, ಸುಳ್ಳ್ಯಾಕೆ ಹೇಳಲಿ. ಮನೆಯಲ್ಲಿ ಟೀವಿ ಜೊತೆ ಮಾತಾಡಿ ಮಾತಾಡಿ ಸಾಕಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಅವರನ್ನ ಕಾರಲ್ಲಿ ಕೂರಿಸಿಕೊಂಡು ಹೋಟೆಲಿಗೆ ಹೋದೆ. ಗಡಿಯಾರ ಒಂದು ಗಂಟೆ ತೋರಿಸಿತು. ಅವರು ಅದನ್ನ ನೋಡಿದರು. ದೋಸೆ ತಿಂದು, ಕಾಫಿ ಕುಡಿದು, ಅವರ ಮಾತು, ನನ್ನ ಮಾತು, ತೀರಿಹೋದವರ ಮಾತು ಎಲ್ಲಾ ಆಡಿ ಬಂದು ಸ್ಟಾರ್ಟ್ ಮಾಡಿದರೆ ಮತ್ತೆ ಒಂದು ಗಂಟೆ.

"ಅಲ್ಲ ಕಣ್ರೀ, ಇಷ್ಟೊತ್ತು ನಾವು ಮಾತಾಡಿದ್ದು ಲೆಕ್ಕಕ್ಕೇ ಇಲ್ವಾ?" ಅಂದರು.

ಇಳಿಯುವಾಗ, "ಯೋಚನೆ ಮಾಡಿ ಫೋನ್ ಮಾಡ್ತೀನಿ" ಅಂದರು. ದಿನಗಳು ಹೋದವು, ಫೋನ್ ಬರಲಿಲ್ಲ. ಅಕ್ಕ ಬೈದಳು: "ಒಂದು ಗಡಿಯಾರ ಸರಿಯಾಗಿ ಇಟ್ಕೊಳ್ದೋನು ಹೆಂಡ್ತೀನ ಹೆಂಗೆ ಇಟ್ಕೋತಾನೆ ಅಂದ್ಕೊಂಡಿರ್ತಾರೆ."

ಬಾಯಿ ಹಾರ್ನು

ಸರಿ, ರಿಪೇರಿಗೆ ನಾನೇ ಇಳಿದೆ. ಗಡಿಯಾರದ ಒಂದು ಫ್ಯೂಸ್ ಸುಟ್ಟಿತ್ತು. ಕೈಯಲ್ಲಿ ಬೇರೆ ಇರಲಿಲ್ಲ; ಹಾರ್ನಿನದನ್ನ ಕಿತ್ತು ಅಲ್ಲಿಗೆ ಹಾಕಿದೆ. ಗಡಿಯಾರ ಸರಿಯಾಗಿ ನಡೀತು. ತರೀಕೆರೆ ದಾರಿಯಲ್ಲಿ ಎಮ್ಮೆಗಳು ಅಡ್ಡ ಬಂದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ನಾನೇ "ಪೀಂ, ಪೀಂ" ಅನ್ನಬೇಕಾಯ್ತು. ಎಮ್ಮೆ ಹೊಡ್ಕೊಂಡು ಹೋಗ್ತಿದ್ದವನಿಗೆ ಫ್ಯೂಸಿನ ಕಥೆ ಹೇಳಿದೆ.

"ನಿಮಗೆ ಟೈಮ್ ಗೊತ್ತಾದ್ರೆ ಸಾಕಾ ಸಾಮಿ? ನೀವು ಬಂದಿದ್ದು ಎಮ್ಮೆಗೂ ಗೊತ್ತಾಗ್ಬ್ಯಾಡ್ವಾ?" ಅಂದ.

ಊರು ಸೇರೋ ಹೊತ್ತಿಗೆ ಆ ಫ್ಯೂಸೂ ಸುಟ್ಟಿತ್ತು.

ಅಜ್ಜಂಪುರದ ಪಾರ್ಟಿ

ಕೊನೆಗೆ ತರೀಕೆರೆಯ ಎಲೆಕ್ಟ್ರಿಷಿಯನ್ ಭಾಯಿ ಹತ್ತಿರ ಬಿಟ್ಟೆ. ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿ, "ಓಡೋಕೆ ಒಂದು ವೈರು, ನೆನಪಿಗೆ ಒಂದು ವೈರು ಸಾರ್. ನೆನಪಿನ ವೈರು ಇಲಿ ಕಡಿದು ಕಬ್ಬಿಣಕ್ಕೆ ತಾಗ್ತಿದೆ. ಅದಕ್ಕೇ ಆ ಫ್ಯೂಸ್ ಹೋಗೋದು" ಅಂದರು. ಫೋನನ್ನ ಗ್ಯಾರೇಜಲ್ಲೇ ಚಾರ್ಜಿಗೆ ಹಾಕಿ ಟೀ ಕುಡಿಯೋಕೆ ಹೋದೆ.

ವಾಪಸ್ ಬಂದಾಗ ಭಾಯಿ ಮುಖ ಅರಳಿತ್ತು. "ನಿಮ್ಮ ಫೋನ್ ಬಡ್ಕೊಳ್ತಿತ್ತು, ನಾನೇ ಎತ್ತಿದೆ. ಅಜ್ಜಂಪುರದ ಪಾರ್ಟಿ ಮಾಡಿದ್ರು. ಗಾಡಿ ಮಾರೋ ವಿಷಯ ನನಗೆ ಹೇಳ್ಲೇ ಇಲ್ಲ ನೀವು."

ಟೀಚರ್ ಹೆಸರು ಹಾಕೋಕೆ ಸಂಕೋಚವಾಗಿ ಫೋನಲ್ಲಿ 'ಅಜ್ಜಂಪುರ' ಅಂತ ಮಾತ್ರ ಬರ್ಕೊಂಡಿದ್ದೆ.

"ಏನ್ ಕೇಳಿದ್ರು ಭಾಯಿ?"

"ಯೋಚನೆ ಮಾಡ್ತಾ ಇದೀನಿ, ನಿಮಗೆ ಚೆನ್ನಾಗಿ ಗೊತ್ತಾ, ನಂಬಬಹುದಾ ಅಂದ್ರು. ನಾನು ಬಿಡ್ತೀನಾ? ಹಳೇದು ನಿಜ ಮೇಡಂ, ಆದ್ರೆ ಗಟ್ಟಿಯಿದೆ ಅಂದೆ. ಮೊದಲು ಇದ್ದಿದ್ದು ಲೇಡೀಸ್ ಕೈಯಲ್ಲಿ, ಜೋಪಾನವಾಗಿ ನೋಡ್ಕೊಂಡಿದ್ರು, ಆಮೇಲೆ ನೋಡ್ಕೊಳೋರಿಲ್ದೆ ಹಿಂಗಾಗಿದೆ ಅಂದೆ. ಸ್ವಲ್ಪ ಹೊಗೆ ಬಿಡುತ್ತೆ. ಬೆಳಿಗ್ಗೆ ಎಬ್ಬಿಸೋದು ಕಷ್ಟ, ಎದ್ರೆ ಸಂಜೆವರೆಗೂ ದುಡಿಯುತ್ತೆ. ಟೈಮ್ ಒಂದು ಸರಿಯಿಲ್ಲ, ಅದನ್ನ ನಾನೇ ಸರಿ ಮಾಡ್ತಿದೀನಿ. ಸೈಲೆನ್ಸರ್ ಬದಲಾಯಿಸ್ಕೊಳ್ಳಿ, ಕಣ್ಮುಚ್ಚಿ ತಗೊಳ್ಳಿ ಅಂದೆ."

ಅಲ್ಲೇ ಬಿದ್ದಿದ್ದ ಟೈರ್ ಮೇಲೆ ಕೂತೆ. ಆಗದೇ ಇದ್ದ ಸಂಸಾರ ಗ್ಯಾರೇಜಲ್ಲೇ ಮುಗೀತು ಅಂದ್ಕೊಂಡೆ. ಅಷ್ಟರಲ್ಲಿ ಮತ್ತೆ ಫೋನ್ ಬಂತು.

"ಹೊಗೆ ಬಿಡುತ್ತೆ ಅಂದಾಗ ಬೀಡಿ ಚಟ ಅಂದ್ಕೊಂಡೆ" ಅಂದರು ಟೀಚರ್. "ಸೈಲೆನ್ಸರ್ ಅಂದ್ಮೇಲೆ ಕಾರು ಅಂತ ಗೊತ್ತಾಯ್ತು. ಆದ್ರೂ, ಮೊದಲು ಜೋಪಾನವಾಗಿ ನೋಡ್ಕೊಂಡಿದ್ರು, ಆಮೇಲೆ ನೋಡ್ಕೊಳೋರಿಲ್ಲ ಅಂದ್ರಲ್ಲ, ಅದು ಮನಸ್ಸಿಗೆ ಹಿಡೀತು. ಕಾರಿನ ಬಗ್ಗೆ ಹೇಳಿದ ಮಿಕ್ಕಿದ್ದೂ ನಿಮಗೆ ಸರಿಯಾಗೇ ಹೊಂದುತ್ತೆ."

"ಹಾಗಾದ್ರೆ..." ಅಂದೆ.

"ಕಣ್ಮುಚ್ಚಿ ತಗೊಳ್ಳಿ ಅಂದ್ರು ನಿಮ್ಮ ಭಾಯಿ. ಅದೊಂದು ಆಗೋಲ್ಲ ಕಣ್ರೀ. ಕಣ್ಣು ಬಿಟ್ಕೊಂಡೇ ತಗೋತೀನಿ."