ನನ್ನ ಭುಜದ ನೋವು

ಒಬ್ಬೊಬ್ಬರಿಗೆ ಒಂದೊಂದರ ಹೆದರಿಕೆ. ನಮ್ಮ ಮನೆಯವರಿಗೆ ಹಲ್ಲಿ ಕಂಡರೆ ಆಗುವುದಿಲ್ಲ. ಅತ್ತೆಗೆ ಲಿಫ್ಟು ಆಗುವುದಿಲ್ಲ. ಅಂಗಡಿಯಲ್ಲಿ ನನ್ನ ಜೊತೆ ಕೂತು ಹುಕ್ಕು ಹಚ್ಚುವ ಹಸೀನಾ ಆಪಾಗೆ ಸಿಡಿಲು ಆಗುವುದಿಲ್ಲ. ಇವೆಲ್ಲ ಮರ್ಯಾದಸ್ತರ ಹೆದರಿಕೆಗಳು, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನನ್ನದು ಹಾಗಲ್ಲ. ನನಗಿರುವುದು ಒಂದು ಶಬ್ದದ ಹೆದರಿಕೆ. ನೋಡಿದರೆ ಎರಡೇ ಅಕ್ಷರ. ಇದರಲ್ಲಿ ತಮಾಷೆಯೆಂದರೆ ನನ್ನ ಹೊಟ್ಟೆ ತುಂಬುವುದೇ ಆ ಎರಡಕ್ಷರದಿಂದ. ವಿಜಯಪುರದ ಒಂದು ಓಣಿಯಲ್ಲಿ ನಾನು ರವಿಕೆ, ನಮ್ಮ ಕಡೆಯ ಮಾತಿನಲ್ಲಿ ಜಂಪರ್, ಹೊಲಿಯುತ್ತೇನೆ. ಮದುವೆಯ ದಿನಗಳಲ್ಲಿ ಟಿಕೋಟಾದಿಂದ, ಬಬಲೇಶ್ವರದಿಂದ ಹೆಣ್ಣುಮಕ್ಕಳು ಬಸ್ಸು ಹತ್ತಿ ಬಂದು ಅಳತೆ ಕೊಡುತ್ತಾರೆ. ನಾನು ಟೇಪು ಹಿಡಿದು ಅಳತೆ ಕೂಗುತ್ತೇನೆ, ಆಪಾ ಬಟ್ಟೆಯ ಮೂಲೆಯಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿಕೊಳ್ಳುತ್ತಾಳೆ. "ಭುಜ ಹದಿನಾಲ್ಕು, ತೋಳು ಒಂಬತ್ತು, ಸೊಂಟ ಮೂವತ್ತು, ಅದು ಮೂವತ್ತಾರು." ಗಂಡಸರ ದರ್ಜಿ 'ಎದೆ' ಎಂದು ಧೈರ್ಯವಾಗಿ ಕೂಗುತ್ತಾನೆ. ನನ್ನ ಬಾಯಲ್ಲಿ ಅದೂ ಹೊರಡಲಿಲ್ಲ. ಇಷ್ಟು ವರ್ಷ 'ಅದು' ಎಂದೇ ನಡೆಯಿತು. ಯಾವ ಗಿರಾಕಿಯೂ 'ಅದು ಅಂದ್ರ ಯಾವದು' ಎಂದು ಕೇಳಲಿಲ್ಲ. ಕೇಳಿದವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು.

ಮಗಳ ಹೆಸರು ಭೂಮಿಕಾ, ಒಂದನೆಯ ತರಗತಿ. ಒಂದು ದಿನ ಅವಳ ಶಾಲೆಗೆ ಯಾರೋ ಮೇಡಂ ಒಬ್ಬರು ದೊಡ್ಡ ಚಿತ್ರಪಟ ಹಿಡಿದು ಬಂದು ಮಕ್ಕಳಿಗೆ ಮೈಯ ಭಾಗಗಳ ಹೆಸರು ಕಲಿಸಿ ಹೋದರು. ತಲೆ, ಕಣ್ಣು, ಮೂಗು ಎನ್ನುತ್ತ ಹೋಗಿ, ನಮ್ಮ ಕಾಲದಲ್ಲಿ ಕುತ್ತಿಗೆಗೆ ನಿಂತು ಸೀದಾ ಮೊಣಕಾಲಿಗೆ ಜಿಗಿಯುತ್ತಿದ್ದ ಪಾಠವನ್ನು ಅವರು ಎಲ್ಲಿಯೂ ಜಿಗಿಯದೆ ಪೂರ್ತಿ ಮಾಡಿದರು. ಅಂದು ಊಟಕ್ಕೆ ಕೂತಾಗ ಭೂಮಿ ಅದನ್ನು ಮಗ್ಗಿಯ ರಾಗದಲ್ಲಿ ಒಪ್ಪಿಸಿದಳು. ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ನಮ್ಮ ಮನೆಯವರು ಬಬಲೇಶ್ವರದ ಒಂದು ಕಚೇರಿಯಲ್ಲಿ ಗುಮಾಸ್ತರು. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಪೇಪರು ಓದಿ, ಸಂಜೆ ಚಹಾದ ಹೊತ್ತಿಗೆ ನನಗೆ ದೇಶದ ವಿಚಾರ ತಿಳಿಸುವವರು. ಮಾತಾಡುವ ಸ್ವಾತಂತ್ರ್ಯವೆಂದರೆ ಅವರಿಗೆ ಪ್ರಾಣ. ಅಂದೂ ಅವರು ಎದೆಗುಂದಲಿಲ್ಲ. "ಮಾತಾಡ್ಲಿ ಬಿಡು, ಅದು ಆಕಿ ಹಕ್ಕು," ಎಂದರು. ಒಂದು ತುತ್ತು ನುಂಗಿ, "ಮೊದಲ ಆ ಕಿಟಕಿ ಹಾಕು," ಎಂದರು.

ಭೂಮಿ ಇನ್ನೊಂದು ಪಾಠವನ್ನೂ ಹೇಳಿದಳು. "ಮೈ ಬಗ್ಗೆ ಯಾರರ ಗುಟ್ಟ ಇಟ್ಕೋ ಅಂದ್ರ ಇಟ್ಕೋಬಾರದಂತ. ನಂಬಿಗಿ ಇರೋ ದೊಡ್ಡವರಿಗೆ ಹೇಳಬೇಕಂತ. ಅವರು ಕೇಳಲಿಲ್ಲಂದ್ರ ಮತ್ತೊಬ್ಬರಿಗೆ ಹೇಳಬೇಕಂತ. ಯಾರರ ಕೇಳೂತನಕಾ ಹೇಳಬೇಕಂತ." ನಾನು ಕಿಟಕಿ ಹಾಕುವ ಗಡಿಬಿಡಿಯಲ್ಲಿ ಇದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಅವಳನ್ನು ಕರೆದುಕೊಂಡು ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ನನ್ನ ಜೀವ ಕೈಯಲ್ಲಿ. ಅತ್ತೆ ಇರುವುದು ಟಿಕೋಟಾದಲ್ಲಿ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ನಾನು ಮಗಳ ಬಾಯಿಗೆ ಒಂದಾದ ಮೇಲೊಂದು ಒಣದ್ರಾಕ್ಷಿ ಹಾಕುತ್ತ ಕೂತಿದ್ದೆ. ತುಂಬಿದ ಬಾಯಿ ಮಾತಾಡುವುದಿಲ್ಲ ಎಂಬುದು ನನ್ನ ಲೆಕ್ಕ. ದಾರಿಯಲ್ಲಿ ಒಬ್ಬ ಬೈಕಿನವನು ಅಡ್ಡ ಬಂದ. ನಮ್ಮ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಅವನಿಗೆ, ಅವನ ತಾಯಿಗೆ, ಅವನ ಬೈಕಿಗೆ ಮನುಷ್ಯನ ಮೈಯಲ್ಲಿರುವ ಒಂದು ಭಾಗವನ್ನೂ ಬಿಡದೆ ಬೈದರು. ಬಸ್ಸಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮುಂದಿನ ಸೀಟಿನ ಅಜ್ಜ ಮಾತ್ರ, "ಚಲೋ ಬೈದಿ ನೋಡು," ಎಂದು ಮೆಚ್ಚಿಕೊಂಡರು. ಅಷ್ಟರಲ್ಲಿ ಪಕ್ಕದ ಸೀಟಿನಲ್ಲಿ ಬಾಣಂತಿಯೊಬ್ಬಳು ಅಳುವ ಕೂಸನ್ನು ಸೆರಗಿನೊಳಗೆ ತೆಗೆದುಕೊಂಡಳು. ಭೂಮಿ ದ್ರಾಕ್ಷಿ ನುಂಗಿ, ಪುಸ್ತಕ ಓದುವ ದನಿಯಲ್ಲಿ, "ಅವ್ವಾ, ಅವರು ಮಗುವಿಗೆ ಸ್ತನಪಾನ ಮಾಡಿಸುತ್ತಿದ್ದಾರೆ," ಎಂದಳು.

ಇಡೀ ಬಸ್ಸು ತಿರುಗಿ ನೋಡಿತು. ಆ ಬಾಣಂತಿ ಪಾಪ ನಕ್ಕಳು. ನಗದವರು ಕಂಡಕ್ಟರು. "ಅಕ್ಕಾರ," ಎಂದರು ಬಹಳ ಬೇಜಾರಿನಿಂದ, "ಹೆಣ್ಣ ಹುಡುಗಿ ಐತ್ರಿ. ಸ್ವಲ್ಪ ಚಲೋ ಮಾತ ಕಲಸ್ರಿ." ನಾನು ತಲೆ ತಗ್ಗಿಸಿ, "ಹೌದ್ರಿ," ಎಂದೆ. ಬೈಯುವುದಕ್ಕಾದರೆ ಆ ಶಬ್ದಗಳೆಲ್ಲ ಊರ ಸ್ವತ್ತು, ಯಾರು ಬೇಕಾದರೂ ಬಳಸಬಹುದು. ಹೆಸರು ಹೇಳುವುದಕ್ಕೆ ಮಾತ್ರ ಬಳಸಬಾರದು. ಇದು ಎಲ್ಲಿಯ ನ್ಯಾಯ ಎಂದು ಕೇಳಬೇಕೆನ್ನಿಸಿತು. ಕೇಳಬೇಕಾದರೆ ಆ ಶಬ್ದ ಬಳಸಬೇಕಾಗುತ್ತದಲ್ಲ ಎಂದು ಸುಮ್ಮನಾದೆ.

ಇದಾಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ ಭೂಮಿ ನನ್ನ ಮಡಿಲಲ್ಲಿ ಕೂತು ಮೈಗೊರಗಿ ಟಿವಿ ನೋಡುತ್ತಿದ್ದವಳು ತಲೆ ಹೊರಳಿಸಿ, "ಅವ್ವಾ, ಇಲ್ಲೆ ಗೋಲಿಯಂಥಾದ್ದು ಏನೋ ಐತಿ," ಎಂದಳು. ನಾನು ಮುಟ್ಟಿ ನೋಡಿಕೊಂಡೆ. ಇತ್ತು. ಕಡಲೆಕಾಳಿಗಿಂತ ದೊಡ್ಡದು. ಒತ್ತಿದರೆ ಸಣ್ಣಗೆ ನೋವು. ಭೂಮಿ ಚಿತ್ರಪಟ ನೆನಪಿಸಿಕೊಂಡು ಸರಿಯಾದ ಹೆಸರು ಹಿಡಿದೇ ಕೇಳಿದಳು: "ಸ್ತನದಾಗ ಗಂಟ ಆಗೇತೇನವ್ವಾ?" ನಾನು ಅವಳ ಬಾಯಿ ಮುಚ್ಚಿ, "ಏನೂ ಇಲ್ಲ. ಯಾರ ಮುಂದೂ ಹೇಳಬ್ಯಾಡ," ಎಂದೆ. ಅವಳು ನನ್ನನ್ನು ಒಂದು ಥರ ನೋಡಿದಳು.

ಹೆದರಿದೆ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಮಷಿನ್ ತುಳಿಯುವಾಗ, ರೊಟ್ಟಿ ಬಡಿಯುವಾಗ, ಮಗಳ ಜಡೆ ಹಾಕುವಾಗ, ಅದೇ ವಿಚಾರ. ಮುಂದಿನ ವರ್ಷ ಈ ಜಡೆ ಯಾರು ಹಾಕುತ್ತಾರೆ ಎನ್ನುವವರೆಗೂ ಹೋಗುತ್ತಿತ್ತು. ಹಾಗಾದರೆ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ಹೋದರೆ ಅವರು 'ಏನಾಗಿದೆ' ಎಂದು ಕೇಳುತ್ತಾರೆ. ನಾನು ಹೇಳಬೇಕು. ಸಾಯುವ ಹೆದರಿಕೆ ತಕ್ಕಡಿಯ ಒಂದು ತಟ್ಟೆಯಲ್ಲಿ, ಹೇಳುವ ಹೆದರಿಕೆ ಇನ್ನೊಂದರಲ್ಲಿ. ನಾಚಿಕೆಯಾಗುತ್ತದೆ, ಆದರೆ ಹೇಳಿಬಿಡುತ್ತೇನೆ: ಎರಡನೆಯದೇ ಹೆಚ್ಚು ತೂಗಿತು.

ನನ್ನ ಕೈ ಮೇಲಿಂದ ಮೇಲೆ ಅಲ್ಲಿಗೆ ಹೋಗುವುದನ್ನು ಹಸೀನಾ ಆಪಾ ಗಮನಿಸಿದಳು. "ಏನಾಗೇತಿ ಮಾದೇವಿ?" ಎಂದಳು. "ಭುಜ ನೂಸಾಕತ್ತೈತಿ ಆಪಾ," ಎಂದೆ. ಬಬಲೇಶ್ವರದ ಟಿಕೀಟು ತೆಗೆಸಿ ಅರ್ಧ ದಾರಿಯಲ್ಲೇ ಇಳಿದ ಹಾಗೆ ಮಾತು ಭುಜದಲ್ಲೇ ಇಳಿದುಬಿಟ್ಟಿತು. ಇಳಿದ ಮೇಲೆ ಅಲ್ಲಿಯೇ ಉಳಿಯಬೇಕಾಯಿತು. ಆಪಾ ಕೂಡಲೇ ಹುಕ್ಕು ಹಚ್ಚುವುದು ಬಿಟ್ಟು ಎಣ್ಣೆ ಕಾಯಿಸಿ ತಂದು ಭುಜ ತಿಕ್ಕಿದಳು. ಮನೆಯವರು ಮುಲಾಮು ತಂದರು. ಪಕ್ಕದ ಮನೆಯವರು ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟರು. ಸುದ್ದಿ ಟಿಕೋಟಾಕ್ಕೆ ಮುಟ್ಟಿ, ಅತ್ತೆ ಒಂದು ಚೀಲ ಒಣದ್ರಾಕ್ಷಿ, ಒಂದು ಸೀಸೆ ಔಡಲೆಣ್ಣೆ ಹಿಡಿದು ಬಸ್ಸು ಹತ್ತಿ ಬಂದೇ ಬಿಟ್ಟರು. ಅವರ ಕೈಯೆಂದರೆ ಹೊಲದಲ್ಲಿ ಕಳೆ ಕಿತ್ತ ಕೈ. ಎರಡು ದಿನ ತಿಕ್ಕಿಸಿಕೊಳ್ಳುವುದರೊಳಗೆ, ಅದುವರೆಗೆ ಕಲ್ಲಿನಂತೆ ಗಟ್ಟಿಯಾಗಿದ್ದ ನನ್ನ ಭುಜ ಖರೇನೇ ನೋಯತೊಡಗಿತು. ಗಂಟು ಮಾತ್ರ ಯಾರ ಕೈಗೂ ಸಿಗದೆ ತನ್ನ ಜಾಗದಲ್ಲಿ ತಣ್ಣಗೆ ಕೂತಿತ್ತು. ಭೂಮಿ ಇದನ್ನೆಲ್ಲ ನೋಡುತ್ತ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವಳು ಬಾಯಿ ತೆರೆದಾಗಲೆಲ್ಲ ನಾನು ಕಣ್ಣು ಬಿಡುತ್ತಿದ್ದೆ.

ನಾವು ಊರವರು ಗೋಳಗುಮ್ಮಟ ಹತ್ತುವುದು ಮನೆಗೆ ಯಾರಾದರೂ ಬಂದಾಗ ಮಾತ್ರ. ಅತ್ತೆ ಬಂದು ಎರಡು ದಿನಕ್ಕೆ ಭಾನುವಾರ, ಭೂಮಿ ಹಟ ಹಿಡಿದಳು. ಗದ್ದಲ ಕಡಿಮೆ ಇರಲಿ ಎಂದು ಬೆಳಿಗ್ಗೆ ಬೇಗ ಹೋದೆವು. ಅತ್ತೆ ಮೆಟ್ಟಿಲು ನೋಡಿ, "ನಾ ಇಲ್ಲೇ ಕುಂಡರತೀನಿ, ನೀವು ಹೋಗಿ ಬರ್ರಿ," ಎಂದು ಕೆಳಗೆ ಗೋರಿಯ ಕಟ್ಟೆಯ ಹತ್ತಿರ ಕುಳಿತರು. ನಾವು ಮೂವರು ಏದುಸಿರು ಬಿಡುತ್ತ ಹತ್ತಿ ಮೇಲೆ ಹೋದೆವು. ಗುಮ್ಮಟದೊಳಗಿನ ಆ ಗುಂಡು ಮೊಗಸಾಲೆಯಲ್ಲಿ ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆ ಕಿವಿಯಿಟ್ಟವರಿಗೆ ಕೇಳುತ್ತದೆ. ಜೋರಾಗಿ ಕೂಗಿದರೆ ಏಳು ಸಲ ಮರುದನಿ ಬರುತ್ತದೆಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಮನೆಯವರು ಎದುರು ಬದಿಗೆ ಹೋಗಿ ಕೂತು, ಗೋಡೆಯೊಳಗಿಂದ, "ಭೂಮೀ, ಏನ ಬೇಕು ನಿನಗ? ಹೇಳು," ಎಂದರು. ದನಿ ನಮ್ಮ ಕಿವಿಯಲ್ಲೇ ಇದ್ದಂತೆ ಬಂತು.

ಭೂಮಿ ಗೋಡೆಗೆ ಬಾಯಿಡಲಿಲ್ಲ. ನನ್ನ ಕಡೆ ತಿರುಗಿದಳು. "ಅವ್ವಾ, ಅಪ್ಪಗ ಹೇಳ್ಲೇನು?"

"ಏನು?"

"ಅದಾ. ಗಂಟಿಂದು."

"ಬ್ಯಾಡ ಅಂದೇನಲ್ಲ! ಗುಟ್ಟು ಅದು. ಯಾರಿಗೂ ಹೇಳಬಾರದು."

'ಗುಟ್ಟು' ಎಂದದ್ದೇ ತಪ್ಪಾಯಿತು. ಅವಳ ಮುಖದಲ್ಲಿ ಆ ಮೇಡಮ್ಮಿನ ಪಾಠವೆಲ್ಲ ಮೂಡಿದ್ದು ನನಗೆ ಕಂಡಿತು. ನನ್ನ ಕೈ ಅವಳ ಬಾಯಿಗೆ ಮುಟ್ಟುವುದರೊಳಗೆ ಅವಳು ಕಟಕಟೆ ಹಿಡಿದು, ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು: "ಅಪ್ಪಾ! ಅವ್ವನ ಭುಜ ನೂಸಾಕತ್ತಿಲ್ಲ! ಸ್ತನದಾಗ ಗಂಟ ಆಗೈತಿ!"

ಮಗಳ ಬಾಯಿಯನ್ನೇನೋ ಮುಚ್ಚಿದೆ. ಗುಮ್ಮಟದ ಬಾಯಿ ಮುಚ್ಚುವುದು ಹೇಗೆ? ಅದು ಆ ಮಾತನ್ನು ತೆಗೆದುಕೊಂಡು ನಿಧಾನವಾಗಿ, ಒಂದಕ್ಷರವನ್ನೂ ಕಳೆಯದೆ, ಸುತ್ತು ಹಾಕತೊಡಗಿತು. ಗಂಟ ಆಗೈತಿ... ಗಂಟ ಆಗೈತಿ... ನಾನು ಎಣಿಸಲಿಲ್ಲ. ಏಳು ಎನ್ನುವುದು ಸುಳ್ಳೆಂದು ಮಾತ್ರ ಅಂದು ಗೊತ್ತಾಯಿತು, ನನ್ನ ಕಿವಿಯಲ್ಲಿ ಅದು ಇನ್ನೂ ನಿಂತಿಲ್ಲ. ಸುತ್ತ ಇದ್ದವರೆಲ್ಲ ನಮ್ಮ ಕಡೆ ತಿರುಗಿದರು. ಕೆಳಗೆ ಇಣುಕಿದರೆ ಅಲ್ಲಿದ್ದವರೂ ಮುಖ ಮೇಲೆತ್ತಿ ನಿಂತಿದ್ದರು. ಕಟಕಟೆ ಇರದಿದ್ದರೆ ಹಾರಿಬಿಡುತ್ತಿದ್ದೆನೋ ಏನೋ. ಹಾಗೆ ಹಾರಿದ್ದರೆ ಗಂಟಿನ ಚಿಂತೆಯೇ ಇರುತ್ತಿರಲಿಲ್ಲ ಎಂದು ಈಗ ನಗು ಬರುತ್ತದೆ, ಆಗ ಬರಲಿಲ್ಲ.

ಮನೆಯವರು ಅರ್ಧ ಸುತ್ತು ಬಳಸಿ ಓಡಿ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ನನ್ನ ಕೈ ಹಿಡಿದುಕೊಂಡರು. "ಭುಜ ಅಂದಿದ್ದೆಲ್ಲಾ," ಎಂದರು, ಅಷ್ಟೇ. ಅದನ್ನೂ ಗುಮ್ಮಟ ಎಲ್ಲರಿಗೂ ಹಂಚಿತು. ಯಾರೋ ಕುಂಕುಮ ದೊಡ್ಡದಾಗಿ ಇಟ್ಟುಕೊಂಡ ಹೆಂಗಸು, ಮಮದಾಪುರದವರಂತೆ, ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಯಕ್ಕಾ, ನನಗೂ ಆಗಿತ್ತರಿ. ಅಂಜಬ್ಯಾಡ್ರಿ. ಆದ್ರ ತಡಾ ಮಾಡಬ್ಯಾಡ್ರಿ," ಎಂದು ನನ್ನ ಭುಜದ ಮೇಲೆ ಕೈಯಿಟ್ಟರು. ಭುಜ ನೋಯಿತು. ನನಗೆ ಅಳು ಬಂತು. ಕೆಳಗಿಳಿದು ಬಂದರೆ, ಮನೆಯಲ್ಲಿ ಪಕ್ಕದಿಂದ ಕರೆದರೂ ಕಿವಿ ಕೇಳಿಸದ ಅತ್ತೆ ಅಷ್ಟು ಜನರ ನಡುವೆ ಎದ್ದು ನಿಂತು, "ಯಾವ ಮೊಲೀಗೆ ಬೇ? ಎಡಕ್ಕೋ ಬಲಕ್ಕೋ? ಹಸಿ ದ್ರಾಕ್ಷಿಯಷ್ಟೋ, ಒಣದ್ರಾಕ್ಷಿಯಷ್ಟೋ?" ಎಂದು ಆಕಳ ಸುದ್ದಿ ಕೇಳಿದಷ್ಟೇ ಸಲೀಸಾಗಿ ಕೇಳಿದರು. ಆಮೇಲೆ ದನಿ ತಗ್ಗಿಸಿ, "ಎರಡ ದಿನಾ ಭುಜ ತಿಕ್ಕಿಸಿಕೊಂಡೀಯಲ್ಲ, ಹುಚ್ಚಿ," ಎಂದು ಸೆರಗಿನಿಂದ ನನ್ನ ಮುಖ ಒರೆಸಿದರು.

ಮರುದಿನ ಡಾಕ್ಟರ ಮುಂದೆ ಕೂತೆವು. ಹೆಂಗಸೇ. ಒಳ್ಳೆಯವರು. "ಏನು ತ್ರಾಸು?" ಎಂದು ಕೇಳಿದರು. ಇಷ್ಟೆಲ್ಲ ಆದ ಮೇಲೂ ನನ್ನ ಬಾಯಿಂದ ಬಂದದ್ದು, "ಭುಜ..." ಮನೆಯವರು ಕೆಮ್ಮಿದರು. ಕಿಟಕಿಯ ಕಡೆ ನೋಡಿದರು. ಕಿಟಕಿ ಹಾಕಿಯೇ ಇತ್ತು. ಮತ್ತೆ ಕೆಮ್ಮಿ, ಬೆವರು ಒರೆಸಿಕೊಂಡು, ಆ ಎರಡಕ್ಷರವನ್ನು ಹೇಳಿಯೇ ಬಿಟ್ಟರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನಗಾಗಿ ಮಾಡಿದ ದೊಡ್ಡ ಸಾಹಸ ಅದು. ಹಲ್ಲಿ ಹಿಡಿದು ಹೊರಗೆ ಹಾಕಿದ್ದರೂ ನಾನು ಅಷ್ಟು ಮೆಚ್ಚುತ್ತಿರಲಿಲ್ಲ. ಡಾಕ್ಟರು ಗಂಟಿಗೆ ಸೂಜಿ ಹಾಕಿ ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕ ನಾನು ಹೊಲಿದ ಜಂಪರ್‌ಗಳಲ್ಲಿ ಒಂದರಲ್ಲೂ ಒಂದು ತೋಳು ಇನ್ನೊಂದಕ್ಕೆ ಸರಿಯಿರಲಿಲ್ಲ. ಗಿರಾಕಿಗಳು ಯಾಕೋ ಏನೂ ಅನ್ನಲಿಲ್ಲ. ಕಡೆಗೆ ಡಾಕ್ಟರು, "ಸಾದಾ ಗಂಟು, ಅಂಜೂ ಕಾರಣ ಇಲ್ಲ, ಆಗಾಗ ಬಂದು ತೋರಿಸ್ರಿ," ಎಂದರು. ಭೂಮಿಗೆ ಪೇಡೆ ತಂದೆ. ಅವಳು ತಿನ್ನುತ್ತ, "ನಾ ಹೇಳಿದ್ದ ಚಲೋ ಆತಿಲ್ಲೋ?" ಎಂದಳು. "ಹೌದವಾ. ಆದ್ರ ಸ್ವಲ್ಪ ಸಾವಕಾಶ ಹೇಳಬೇಕಿತ್ತು," ಎಂದೆ.

ಇನ್ನು ಮೇಲೆ ನಾನೂ ಹೆಸರು ಹಿಡಿದೇ ಹೇಳುತ್ತೇನೆಂದು ಅಂದೇ ನಿಶ್ಚಯ ಮಾಡಿದೆ. ನಿಶ್ಚಯ ಇನ್ನೂ ಗಟ್ಟಿಯಾಗಿಯೇ ಇದೆ. ಈ ಬರಹದಲ್ಲಿ ಆ ಶಬ್ದ ಬಂದ ಕಡೆಯೆಲ್ಲ ಬೇಕಾದರೆ ಹಿಂದಿರುಗಿ ನೋಡಿ, ಹೇಳಿದವಳು ಒಂದೋ ಭೂಮಿ, ಇಲ್ಲವೇ ಅತ್ತೆ. ಅಂಗಡಿಯಲ್ಲಿಯೂ 'ಅದು ಮೂವತ್ತಾರು' ನಡೆದೇ ಇದೆ.

ಮೊನ್ನೆ ನಿಡೋಣಿಯಿಂದ ಒಬ್ಬ ಹೆಣ್ಣುಮಗಳು ತಮ್ಮನ ಮದುವೆಗೆಂದು ಜಂಪರ್ ಹೊಲಿಸಲು ಬಂದಳು. ಭೂಮಿ ಮೂಲೆಯಲ್ಲಿ ಕೂತು ಬರೆಯುತ್ತಿದ್ದಳು. ನಾನು ಟೇಪು ಸುತ್ತಲು ಹೋದಾಗ ಆಕೆ ಸಟ್ಟನೆ ಹಿಂದೆ ಸರಿದಳು. ಆಕೆಯ ಕೈ ತಾನಾಗಿ ಒಂದು ಕಡೆ ಹೋಯಿತು. ಆ ಜಾಗ ನನಗೆ ಗೊತ್ತು. "ಏನಾತವಾ?" ಎಂದೆ.

"ಏನಿಲ್ರಿ ಅಕ್ಕಾ," ಎಂದು ನಕ್ಕಳು. "ಸ್ವಲ್ಪ ಭುಜ ನೂಸ್ತೈತಿ."

ಹಸೀನಾ ಆಪಾ ಚಾಕ್‌ಪೀಸು ಕೆಳಗಿಟ್ಟು ನನ್ನ ಮುಖ ನೋಡಿದಳು. ಕೇಳಲೇಬೇಕಿತ್ತು. ಬಾಯಿ ತೆರೆದೆ. "ತಂಗೀ, ಅದು..." ಎನ್ನುವವರೆಗೆ ಬಂದು ನಿಂತೆ. ಮುಂದೆ ಹೊರಡಲಿಲ್ಲ.

"ಭೂಮೀ," ಎಂದು ಕರೆದೆ, "ಬರಿಯೂದು ಸಾಕು. ಇಲ್ಲೆ ಬಾ."